ಹೆಸರು ಅಳಿಸಿದರೆ ಸಾಲದು

ಪರಿಹಾರ ಶಿಬಿರದಲ್ಲಿ ನೋಂದಣಿಯ ಕೆಲಸ ನನ್ನದಾಗಿತ್ತು. ಕಂಬಳಿ ಹಂಚಲು ಬಂದ ಇನ್ನೊಂದು ಸಂಸ್ಥೆ ನಮ್ಮ ಪಟ್ಟಿ ಕೇಳಿತು. ಹೆಸರು, ಫೋನ್ ನಂಬರ್ ಅಳಿಸಿ ಎಕ್ಸೆಲ್ ಶೀಟು ಸಿದ್ಧಮಾಡಿದೆ. ಕಳಿಸುವ ಮುಂಚೆ ಜೊತೆಗಿದ್ದ ಸ್ವಯಂಸೇವಕಿಗೆ ತೋರಿಸಿದೆ. ಅವರು ಒಂದು ಸಾಲಿನ ಮೇಲೆ ಬೆರಳಿಟ್ಟು, "ಇವರು ಯಾರು ಅಂತ ನಂಗೆ ಗೊತ್ತು" ಎಂದರು.

ಒಂಟಿ ಹೆಂಗಸು, 34 ವರ್ಷ, ಐದು ಮಕ್ಕಳು, ಒಂದು ಮಗುವಿಗೆ ಕಣ್ಣು ಕಾಣುವುದಿಲ್ಲ. ಪಕ್ಕದಲ್ಲೇ ಡೇರೆಯ ಸಾಲು ಯಾವುದು ಅಂತಲೂ ಇತ್ತು. ಇಡೀ ಶಿಬಿರದಲ್ಲಿ ಅಂಥವರು ಒಬ್ಬರೇ. ಜೀವಭಯದಿಂದ ಮನೆ ಬಿಟ್ಟು ಬಂದವರು. ಆ ಶೀಟು ತಪ್ಪು ಕೈಗೆ ಸಿಕ್ಕಿದ್ದರೆ ಹುಡುಕಿ ಬರಲು ಹೆಸರೇ ಬೇಕಿರಲಿಲ್ಲ.

ಮತ್ತೆ ಕೂತು ಒಂದೊಂದು ಕಾಲಂ ನೋಡಿದೆ. ಕಂಬಳಿ ಕೊಡಲು ಟೋಕನ್ ನಂಬರ್, ಮನೆಯಲ್ಲಿ ಎಷ್ಟು ಜನ, ಇಷ್ಟೇ ಸಾಕಲ್ವಾ? ಎರಡೇ ಕಾಲಂ ಕಳಿಸಿದೆ. ವರದಿಗೆ ಅಂಕಿ ಬೇಕಾದಾಗ ವಯಸ್ಸಿನ ಬದಲು 30ರಿಂದ 39 ಎಂಬಂಥ ಗುಂಪು ಹಾಕಿದೆ. ಒಂದೇ ಥರದ ಕುಟುಂಬಗಳು ಐದಕ್ಕಿಂತ ಕಡಿಮೆ ಇದ್ದರೆ ಬೇರೆ ಗುಂಪಿಗೆ ಸೇರಿಸಿದೆ.

ಫಾರಂ, ಫೋನಿನಲ್ಲೇ ಮಾಹಿತಿ ತುಂಬಿಸಿಕೊಳ್ಳುವ ಸಾಫ್ಟ್‌ವೇರ್ ಆದ ಕೊಬೊಟೂಲ್‌ಬಾಕ್ಸ್‌ನಲ್ಲಿತ್ತು. ಅದರ ಎನ್‌ಕ್ರಿಪ್ಷನ್ ಹಾಕಿದರೆ ತುಂಬಿ ಮುಗಿಸಿದ ಫಾರಂ ಫೋನಿನಲ್ಲೇ ಬೀಗ ಹಾಕಿಕೊಳ್ಳುತ್ತದೆ. ತೆರೆಯಲು ಪ್ರೈವೇಟ್ ಕೀ, ಅಂದರೆ ನಮ್ಮ ಬಳಿ ಮಾತ್ರ ಇರುವ ಗುಟ್ಟಿನ ಕೀಲಿ ಫೈಲು ಬೇಕು. ಅದು ಕಳೆದುಹೋದರೆ ಮಾಹಿತಿಯೂ ಹೋದಂತೆಯೇ, ಹಾಗಾಗಿ ಎರಡು ಕಡೆ ಜೋಪಾನ ಮಾಡಿದೆವು.

ಒಪ್ಪಿಗೆಯ ವಿಷಯ ನನ್ನನ್ನು ಜಾಸ್ತಿ ಕಾಡಿತು. ಹಸಿದವರ ಮುಂದೆ ಕಾಗದ ಹಿಡಿದು ಸಹಿ ಹಾಕಿ ಅಂದರೆ ಬೇಡ ಅನ್ನಲು ಆಗುತ್ತದಾ? ಅದನ್ನು ಒಪ್ಪಿಗೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅದಕ್ಕೇ "ಇದಕ್ಕೆ ಉತ್ತರ ಹೇಳದಿದ್ದರೂ ನಿಮಗೆ ಊಟ, ಸಾಮಾನು ಸಿಗುತ್ತದೆ" ಎಂದು ಮೊದಲೇ ಹೇಳಲು ಶುರುಮಾಡಿದೆವು. ಸುಮ್ನೆ ಇರಲಿ ಅಂತ ಸೇರಿಸಿದ್ದ ಧರ್ಮದ ಪ್ರಶ್ನೆಯನ್ನು ತೆಗೆದೇಬಿಟ್ಟೆವು.

2022ರ ಜನವರಿಯಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಸರ್ವರ್‌ಗಳಿಗೆ ಯಾರೋ ನುಗ್ಗಿದ್ದು ಗೊತ್ತಾಯಿತು. 5,15,000ಕ್ಕೂ ಹೆಚ್ಚು ಜನರ ಮಾಹಿತಿ ಅಲ್ಲಿತ್ತು. ಕಾಣೆಯಾದವರು, ಮನೆಯವರಿಂದ ಬೇರೆಯಾದವರು, ಬಂಧನದಲ್ಲಿದ್ದವರು. ಅಂಥ ಕಡೆಯೇ ಹೀಗಾಗುತ್ತದೆ ಅಂದಮೇಲೆ, ಕೆಲಸ ಮುಗಿದ ಮಾಹಿತಿಯನ್ನು ಒಂದು ದಿನವೂ ಇಟ್ಟುಕೊಳ್ಳಬಾರದು ಅನ್ನಿಸಿತು.

ಶಿಬಿರ ಮುಚ್ಚಿದಾಗ ಕಾಗದದ ಫಾರಂಗಳನ್ನು ನಾನೇ ನಿಂತು ಚೂರು ಮಾಡಿಸಿದೆ. ಆಮೇಲೆ ನೆನಪಾಯಿತು, ಗಡಿಬಿಡಿಯಲ್ಲಿ ಕೆಲವರು ಫಾರಂನ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ಒಬ್ಬೊಬ್ಬರನ್ನೇ ಕೂರಿಸಿ, ಅವರ ಫೋನಿನಿಂದ ಎಲ್ಲವನ್ನೂ ಅಳಿಸಿಸಲು ಎರಡು ದಿನ ಹಿಡಿಯಿತು.