ಅಡಿಕೆ ಲೆಕ್ಕವನ್ನು ಕಾಮಾ ಒಡೆದಾಗ

ಶಿರಸಿಯ ಒಂದು ಸೊಸೈಟಿಗೆ ಅಡಿಕೆ ವ್ಯಾಪಾರದ ಹಳೆಯ ಪಟ್ಟಿಗಳನ್ನೆಲ್ಲ ಒಂದೇ ಡೇಟಾಬೇಸಿಗೆ ಸೇರಿಸಿಕೊಡುವ ಕೆಲಸ ಒಪ್ಪಿಕೊಂಡಿದ್ದೆ. ಸಾಲಿಗೆ ಎಂಟು ಕಾಲಂ: ತಾರೀಕು, ಸದಸ್ಯ ಸಂಖ್ಯೆ, ಊರು, ಬಗೆ, ಚೀಲ, ತೂಕ, ಮೊತ್ತ, ಷರಾ. ಸಿಎಸ್‌ವಿ ಫೈಲು (ಕಾಲಂಗಳ ನಡುವೆ ಕಾಮಾ ಇಟ್ಟು ಬರೆದ ಪಠ್ಯದ ಫೈಲು) ಅಲ್ವಾ, ಕಾಮಾ ಕಂಡಲ್ಲಿ ಒಡೆದರಾಯಿತು ಅಂದುಕೊಂಡೆ.

ಒಟ್ಟು ಮೊತ್ತ ತಾಳೆಯಾಗಲೇ ಇಲ್ಲ. 1,24,500 ಮೂರು ತುಂಡಾಗಿತ್ತು. 85,000 ಎರಡು ತುಂಡು. 900 ಮಾತ್ರ ಹಾಗೇ ಉಳಿದಿತ್ತು. ಒಂದೊಂದು ಸಾಲೂ ಒಂದೊಂದು ಥರ ಜಾರಿತ್ತು. ‘ಹುಲೇಕಲ್, ಶಿರಸಿ’ ಅಂತ ಊರು ಬರೆದ ಕಡೆ ಇನ್ನೊಂದು ಕಾಲಂ ಮುಂದಕ್ಕೆ. ಪ್ರೋಗ್ರಾಂ ಎಲ್ಲೂ ತಪ್ಪು ತೋರಿಸಲಿಲ್ಲ, ಅದೇ ನನಗೆ ಹೆದರಿಕೆ ತಂದಿದ್ದು. ಲಕ್ಷದ ರಾಶಿ ಅಡಿಕೆ ಒಂದು ರೂಪಾಯಿ ಅಂತ ಸುಮ್ನೆ ದಾಖಲಾಗಿತ್ತು. ಅದು ತೋಟದವರ ವರ್ಷದ ದುಡಿಮೆ.

ಒಳಗೆ ಕಾಮಾ ಇರುವ ಮಾಹಿತಿಯನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಸಿಎಸ್‌ವಿ ಬರೆಯುವ ರೀತಿಯನ್ನು ವಿವರಿಸುವ 2005ರ ದಾಖಲೆ ಆರ್‌ಎಫ್‌ಸಿ 4180 ಹೇಳುವುದೂ ಇದನ್ನೇ. ಈ ಫೈಲುಗಳಲ್ಲಿ ಅದಿರಲಿಲ್ಲ. ಮೂಲ ಶೀಟುಗಳನ್ನೇ ತರಿಸಿಕೊಂಡೆ.

ಅವನ್ನು ಫೈಲಾಗಿ ಬರೆಯುವಾಗ ಕಾಲಂಗಳ ನಡುವೆ ಕಾಮಾ ಬದಲು ಬೇರೆ ಚಿಹ್ನೆ ಇಡಬೇಕಿತ್ತು. ಮೊದಲು ನಿಲುಗೆರೆ (|) ಬಳಸೋಣ ಅನ್ನಿಸಿತು. ಆದರೆ ಪಟ್ಟಿಯ ತಲೆಗೆ ರೂಢಿಯಂತೆ || ಶ್ರೀ || ಇತ್ತು, ಷರಾದಲ್ಲೂ ವಾಕ್ಯದ ಕೊನೆಗೆ ಅದೇ ಗೆರೆ. ಸೆಮಿಕೋಲನ್? ‘ಚಾಲಿ; ಕೋಕಾ’ ಅಂತ ಬಗೆಯ ಕಾಲಂನಲ್ಲೇ ಕೂತಿತ್ತು. ಊಹೆ ಸಾಕು, ಎಣಿಸಿ ನೋಡೋಣ ಅಂತ ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆದು, ಯಾವ ಚಿಹ್ನೆ ಎಷ್ಟು ಸಲ ಬಂದಿದೆ ಅಂತ ತೆಗೆದೆ. ಟ್ಯಾಬ್ (ಕೀಬೋರ್ಡಿನ ಟ್ಯಾಬ್ ಕೀಲಿ ಒತ್ತಿದರೆ ಬರುವ ಖಾಲಿ ಜಾಗದ ಚಿಹ್ನೆ) ಒಂದೂ ಇರಲಿಲ್ಲ. ಅದನ್ನೇ ಆರಿಸಿದೆ.

ಟ್ಯಾಬಿಗೂ ಒಂದು ಎಚ್ಚರ ಬೇಕು. ಸಾಲುಗಳನ್ನು ಕಾಲಂಗಳಾಗಿ ಒಡೆಯುವ ಆಕ್ (awk) ಎಂಬ ಪ್ರೋಗ್ರಾಂನಲ್ಲಿ ವಿಭಜಕ, ಅಂದರೆ ಕಾಲಂ ಬೇರ್ಪಡಿಸುವ ಚಿಹ್ನೆ, ಯಾವುದೆಂದು ಹೇಳದಿದ್ದರೆ ಅದು ಸ್ಪೇಸು, ಟ್ಯಾಬು ಎರಡನ್ನೂ ಒಂದೇ ಎಂದು ಹಿಡಿಯುತ್ತದೆ. ಊರಿನ ಹೆಸರು ಒಡೆಯುತ್ತದೆ, ಖಾಲಿ ಕಾಲಂ ಮಾಯವಾಗುತ್ತದೆ. ಹಾಗಾಗಿ ಟ್ಯಾಬ್ ಅಂತ ಬಾಯಿಬಿಟ್ಟು ಹೇಳಲೇಬೇಕು. ಎಂಟು ಕಾಲಂ ಇಲ್ಲದ ಸಾಲು ಸಿಕ್ಕರೆ ಅಲ್ಲೇ ನಿಲ್ಲುವ ಹಾಗೂ ಮಾಡಿದೆ.

ಸೊಸೈಟಿಯವರಿಗೆ ವಾಪಸ್ ಕೊಟ್ಟಿದ್ದು ಮಾತ್ರ ಕಾಮಾ ಫೈಲೇ. ಅವರು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆಯುವವರು. ಪೈಥಾನಿನ ಸಿಎಸ್‌ವಿ ಮಾಡ್ಯೂಲ್‌ನಿಂದ ಎಲ್ಲಕ್ಕೂ ಉದ್ಧರಣ ಚಿಹ್ನೆ ಹಾಕಿಸಿದೆ. ಕನ್ನಡ ಅಕ್ಷರ ಕೆಡದಿರಲಿ ಅಂತ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯ ಜೊತೆ ಬಿಒಎಂ, ಅಂದರೆ ಆ ಪದ್ಧತಿಯನ್ನು ಸೂಚಿಸುವ ಫೈಲಿನ ತಲೆಯ ಗುರುತು, ಸೇರಿಸಿದೆ. ಬರೆದ ಫೈಲನ್ನು ಮತ್ತೆ ಓದಿಸಿ, ಮೊತ್ತ ಕೂಡಿಸಿ, ಖಾತೆ ಪುಸ್ತಕದ ಪಕ್ಕ ಇಟ್ಟು ನೋಡಿದೆ. ಪೈಸೆಗೆ ಪೈಸೆ ಸರಿ ಬಂತು.