ಐದು ಸಿಮ್, ಒಂದು ತಂತಿ: ನಮ್ಮ ಮನೆ ಫೋನಿನ ಲೆಕ್ಕ

ಲ್ಯಾಂಡ್‌ಲೈನಿಗೆ ಹಾಕಿದ ದುಡ್ಡು ಈ ಯುಗಾದಿ ಹೊತ್ತಿಗೆ ವಾಪಸ್ ಬಂತು. ಇನ್ನು ಮೇಲೆ ಉಳಿದದ್ದೆಲ್ಲ ಲಾಭ. ಅದಕ್ಕೇ ಈಗ ಬರೆಯುತ್ತಿದ್ದೇನೆ, ಮೊದಲೇ ಬರೆದಿದ್ದರೆ ನಗೆಪಾಟಲಾಗುತ್ತಿತ್ತು.

ಮನೆಗೆ ಮತ್ತೆ ಲ್ಯಾಂಡ್‌ಲೈನ್ ಹಾಕಿಸುತ್ತೇನೆ ಅಂದಾಗ ಯಾರೂ ನಂಬಲಿಲ್ಲ. ಪಕ್ಕದ ಮನೆಯ ಅಕ್ಕ, "ಎಂತ ಮಾರಾಯ್ತಿ, ಊರೆಲ್ಲ ಕಿತ್ತು ಬಿಸಾಕಿದ ಮೇಲೆ ನೀನು ಹಾಕಿಸ್ತೀಯಾ?" ಅಂದರು. ಮೈದುನ ಇನ್ನೂ ಒಂದು ಹೆಜ್ಜೆ ಮುಂದೆ. "ಅತ್ತಿಗೆ, ಜೊತೆಗೆ ಒಂದು ಟೈಪ್‌ರೈಟರೂ ತರಿಸಿ" ಅಂದ. ಅವನ ರೀಚಾರ್ಜ್ ದುಡ್ಡೂ ನನ್ನ ಡಬ್ಬಿಯಿಂದಲೇ ಹೋಗುತ್ತಿತ್ತು ಅನ್ನೋದು ಅವನಿಗೆ ಮರೆತಿತ್ತು.

ನಮ್ಮದು ತೀರ್ಥಹಳ್ಳಿ ಕಡೆಯ ತೋಟದ ಮನೆ. ಯಜಮಾನರು, ನಾನು, ಅತ್ತೆ, ಮೈದುನ, ಶಿವಮೊಗ್ಗದ ಹಾಸ್ಟೆಲಿನಲ್ಲಿರುವ ಮಗಳು. ಐದು ಜನ, ಐದು ಸಿಮ್. ಮನೆ ಲೆಕ್ಕ ಬರೆಯೋದು ನಾನು. ಅದಕ್ಕೂ ಮೊದಲು ಮಾವ ಬರೆಯುತ್ತಿದ್ದರು. ಅವರ ಹಳೇ ಪುಸ್ತಕದಲ್ಲಿ ಫೋನಿಗೇ ಒಂದು ಪುಟ. ಎಸ್‌ಟಿಡಿ (ದೂರದ ಊರಿಗೆ ಕರೆ) ಮಾಡಿದ್ದಕ್ಕೆ ಪಕ್ಕದಲ್ಲಿ ಗಂಟೆ ಸಮೇತ ಬರೆದಿದ್ದಾರೆ, ಯಾಕೆಂದರೆ ಆಗ ರಾತ್ರಿ 11ರ ಮೇಲೆ ಕಾಲು ದರ. ಬೊಂಬಾಯಿಯ ನಾದಿನಿಗೆ ಫೋನ್ ಮಾಡಲು ಮನೆ ಮಂದಿಯೆಲ್ಲ ಎದ್ದು ಕೂತಿರುತ್ತಿದ್ದರಂತೆ. ಹಳ್ಳಿಗಳಿಗೆ ಅಂತ ಕೇಂದ್ರ ಸರ್ಕಾರದ ಸಿ-ಡಾಟ್ ಸಂಸ್ಥೆ ಮಾಡಿದ ಎಕ್ಸ್‌ಚೇಂಜ್ ಮೊದಲು ಬಂದದ್ದು ನಮ್ಮ ರಾಜ್ಯದ ಕಿತ್ತೂರಿಗೇ, 1986ರಲ್ಲಿ. ನಮ್ಮ ಗುಡ್ಡದ ಸಂದಿಗೆ ಬರೋಕೆ ಆಮೇಲೂ ಸುಮಾರು ವರ್ಷ ಹಿಡಿಯಿತು. 2006ರಲ್ಲಿ ಇಡೀ ದೇಶಕ್ಕೆ ನಿಮಿಷಕ್ಕೆ ಒಂದು ರೂಪಾಯಿ ಆದ ದಿನ ಮಾವ ಆ ಪುಟಕ್ಕೆ ಕೆಂಪು ಗೆರೆ ಎಳೆದಿದ್ದಾರೆ.

2016ರಲ್ಲಿ ಜಿಯೋ ಬಂದು ಎಲ್ಲ ಪುಕ್ಕಟೆ ಅಂತಾದ ಮೇಲೆ ನಾವೂ ಲ್ಯಾಂಡ್‌ಲೈನ್ ವಾಪಸ್ ಕೊಟ್ಟೆವು. ಆಗ ಅದು ಸರಿಯೇ ಇತ್ತು. ತಿಂಗಳ ಬಾಡಿಗೆ, ಮೇಲೆ ತೆರಿಗೆ, ಯಾಕೆ ಬೇಕಿತ್ತು?

ಲೆಕ್ಕ ಕೆಟ್ಟದ್ದು 2024ರ ಜುಲೈನಲ್ಲಿ. ಮೊದಲ ವಾರದಲ್ಲೇ ಜಿಯೋ, ಏರ್‌ಟೆಲ್, ವಿಐ ಮೂರೂ ದರ ಏರಿಸಿದವು. ಜಿಯೋದಲ್ಲಿ ದಿನಕ್ಕೆ ಒಂದೂವರೆ ಜಿಬಿಯ ಪ್ಲಾನ್ 299 ಆಯಿತು. ನಮ್ಮಲ್ಲಿ ನಾಲ್ಕು ಸಿಮ್ಮಿಗೆ ಅದೇ. ಅತ್ತೆಯದು 199ರದ್ದು. ಎರಡೂ ತಿಂಗಳ ಲೆಕ್ಕ ಅಲ್ಲ, 28 ದಿನದ್ದು, ಅಂದರೆ ವರ್ಷಕ್ಕೆ 13 ಸಲ. ನೀವೆಲ್ಲ ಇದನ್ನು ಬಲ್ಲವರೇ, ಆದರೂ 12ರಿಂದ ಗುಣಿಸೋರು ಇನ್ನೂ ಇದ್ದಾರೆ. 299ನ್ನು 13ರಿಂದ ಗುಣಿಸಿ, 3,887. ನಾಲ್ಕು ಸಿಮ್ಮಿಗೆ ಹದಿನೈದೂವರೆ ಸಾವಿರ. ಅತ್ತೆಯದು 2,587. ಮಳೆಗಾಲದಲ್ಲಿ ಮಗಳು ಮನೆಗೆ ಬಂದಾಗ, ಕ್ರಿಕೆಟ್ ಇದ್ದಾಗ ಹಾಕಿಸುವ ಡೇಟಾ ಟಾಪ್‌ಅಪ್ ಒಂದು ಒಂದೂವರೆ ಸಾವಿರ. ಒಟ್ಟು ಹತ್ತಿರ ಹತ್ತಿರ 19,600. ಇಷ್ಟು ಕೊಟ್ಟೂ ಯಜಮಾನರು ಮಾತಾಡಬೇಕಾದರೆ ಅಂಗಳ ದಾಟಿ ದಣಪೆ (ಬೇಲಿಯ ಬಾಗಿಲು) ಹತ್ತಿರ ಹೋಗಿ ನಿಲ್ಲಬೇಕು. ಒಳಗೆ ಸಿಗ್ನಲ್ ಇಲ್ಲ.

ಮೊದಲ ಪ್ರಯತ್ನ ಪೂರ್ತಿ ಮಣ್ಣಾಯಿತು. ಅತ್ತೆ ಮನೆ ಬಿಟ್ಟು ಹೋಗೋದೇ ಇಲ್ಲ, ಅವರಿಗೆ ಸಿಮ್ ಯಾಕೆ, ನನ್ನ ಫೋನಲ್ಲೇ ಮಾತಾಡಲಿ ಅಂತ ರೀಚಾರ್ಜ್ ನಿಲ್ಲಿಸಿಬಿಟ್ಟೆ. ಸ್ವಲ್ಪ ದಿನಕ್ಕೆ ಒಳಬರುವ ಕರೆ ನಿಂತಿತು, ಮೆಸೇಜೂ ನಿಂತಿತು. ಅಲ್ಲಿವರೆಗೆ ಹೊಳೆದಿರಲಿಲ್ಲ, ಅತ್ತೆಯ ಬ್ಯಾಂಕು, ಆಧಾರ್, ಗ್ಯಾಸ್ ಬುಕಿಂಗ್ ಎಲ್ಲ ಆ ನಂಬರಿಗೇ ಅಂಟಿಕೊಂಡಿತ್ತು ಅಂತ. ಗ್ಯಾಸ್ ಮುಗಿದ ದಿನ ಗೊತ್ತಾಯಿತು. ಮತ್ತೆ 199 ಹಾಕಿ ಜೀವ ಕೊಟ್ಟೆ. ಆಮೇಲೆ ಒಂದೊಂದನ್ನೇ ನನ್ನ ನಂಬರಿಗೆ ಬದಲಾಯಿಸಿ, ಕೊನೆಗೆ ಆ ಸಿಮ್ ಬಿಟ್ಟೆ. ಆಧಾರಿಗೆ ಆಗ 50 ರೂಪಾಯಿ, ಬ್ಯಾಂಕಿಗೆ ಎರಡು ಸಲ ಓಡಾಟ, ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ಹೋದ ಖರ್ಚು ಬೇರೆ. ಹೀಗೆ ಮಾಡೋರು ಮೊದಲು ನಂಬರ್ ಬದಲಾಯಿಸಿ, ಆಮೇಲೆ ಸಿಮ್ ಬಿಡಿ. ನಾನು ಉಲ್ಟಾ ಮಾಡಿದೆ.

ಎರಡನೇ ತಪ್ಪು ಕಾಗದದ ಮೇಲೆ. ಫೈಬರ್ ಇಂಟರ್ನೆಟ್ ಹಾಕಿಸಿದರೆ ಅದರ ಜೊತೆಗೇ ಲ್ಯಾಂಡ್‌ಲೈನ್, ದೇಶದೊಳಗೆ ಎಲ್ಲಿಗೆ ಎಷ್ಟು ಮಾತಾಡಿದರೂ ಬೇರೆ ದುಡ್ಡಿಲ್ಲ. ತಿಂಗಳಿಗೆ 399. ನಾನು 399ನ್ನು 12ರಿಂದ ಗುಣಿಸಿ ಖುಷಿಯಾಗಿ ಮಲಗಿದೆ. ಬಿಲ್ ಬಂದಾಗ 471! ಮೊಬೈಲ್ ಪ್ರೀಪೇಡ್ ದರದಲ್ಲಿ ಜಿಎಸ್‌ಟಿ ಸೇರಿಯೇ ಇರುತ್ತದೆ. ಫೈಬರ್ ದರಕ್ಕೆ ಮೇಲೆ ಶೇಕಡಾ 18 ಬೀಳುತ್ತದೆ. ವರ್ಷಕ್ಕೆ 860 ರೂಪಾಯಿ ವ್ಯತ್ಯಾಸ. ಲೆಕ್ಕದ ಪುಸ್ತಕ ಇಟ್ಟವಳು ಹೀಗೆ ಬಿದ್ದೆನಲ್ಲ ಅಂತ ಎರಡು ದಿನ ಯಾರಿಗೂ ಹೇಳಲಿಲ್ಲ.

ತಂತಿ ಎಳೆದ ಕಥೆ ಬೇರೆಯೇ. ರಸ್ತೆಯಿಂದ ಮನೆಗೆ ಸುಮಾರು 350 ಮೀಟರ್. ನೂರು ಮೀಟರಿನಷ್ಟು ಅವರದು, ಉಳಿದದ್ದು ನಮ್ಮದು, ಮೀಟರಿಗೆ ಎಂಟು ರೂಪಾಯಿಯಂತೆ. ಎರಡು ಸಾವಿರ ಹೋಯಿತು. ಲೈನ್ ಹುಡುಗ ಅಡಿಕೆ ಮರಕ್ಕೇ ಕಟ್ಟುತ್ತಾ ಬಂದ. ಕಂಬದ ಖರ್ಚು ಉಳಿಯಿತು ಅಂತ ನಾನೂ ಸುಮ್ಮನಿದ್ದೆ. ಅಡಿಕೆ ಮರ ಗಾಳಿಗೆ ಎಷ್ಟು ತೂಗುತ್ತದೆ ಅಂತ ಗೊತ್ತಿದ್ದೂ ಸುಮ್ಮನಿದ್ದೆ ಅನ್ನಿ. ಮೇ ತಿಂಗಳ ಮೊದಲ ಗಾಳಿಮಳೆಗೆ ಒಂದು ಕಡೆ ತುಂಡಾಯಿತು. ಜೋಡಿಸಿದ ಮೇಲೆ ಸೋಗೆ ಬಿದ್ದು ಇನ್ನೊಂದು ಕಡೆ. ಕೊನೆಗೆ ಗುಜರಿಗೆ ಹಾಕಬೇಕೆಂದು ಇಟ್ಟಿದ್ದ ಹಳೇ ಹನಿ ನೀರಾವರಿ ಪೈಪನ್ನು ಉದ್ದಕ್ಕೆ ಸೀಳಿ, ಕೇಬಲ್ ಅದರೊಳಗೆ ಕೂರಿಸಿ, ಅಗಳಿನ (ತೋಟದ ಕಂದಕದ) ಬದಿಯಲ್ಲಿ ಹೂತೆವು. ಒಂದು ಮಳೆಗಾಲ ಕಳೆಯಿತು, ಇಲ್ಲಿವರೆಗೆ ಏನೂ ಆಗಿಲ್ಲ. ಪೈಪನ್ನು ಸೀಳದೇ ಹಾಕುವ ಇನ್ನೊಂದು ಉಪಾಯವೂ ಆಮೇಲೆ ಹೊಳೆಯಿತು. ಅದನ್ನು ಮೈದುನ ಈಗ ಬೇರೆಯವರ ತೋಟದಲ್ಲಿ ಮಾಡಿಕೊಟ್ಟು ದುಡ್ಡು ತೆಗೆದುಕೊಳ್ಳುತ್ತಾನೆ, ಹಾಗಾಗಿ ಇಲ್ಲಿ ಬರೆಯೋ ಹಾಗಿಲ್ಲ.

ಕರೆಂಟಿನದು ಇನ್ನೊಂದು ತಲೆನೋವು. ಹಳೇ ತಾಮ್ರದ ತಂತಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು. ಮನೆಯಲ್ಲಿ ಎರಡು ದಿನ ಕರೆಂಟ್ ಇಲ್ಲದಿದ್ದರೂ ಫೋನ್ ಬಡಿಯುತ್ತಿತ್ತು. ಫೈಬರ್ ಅಂದರೆ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯಲ್ಲವಲ್ಲ. ಲೈಟ್ ಹೋದರೆ ಮೋಡೆಮ್ (ಫೈಬರ್ ಬಂದು ಸೇರುವ, ಫೋನ್ ಸಿಕ್ಕಿಸುವ ಪೆಟ್ಟಿಗೆ) ಸತ್ತಿತು, ಮೋಡೆಮ್ ಸತ್ತರೆ ಫೋನೂ ಸತ್ತಿತು. ಮಲೆನಾಡಿನಲ್ಲಿ ಜುಲೈ ತಿಂಗಳ ಕರೆಂಟ್ ಗೊತ್ತಲ್ಲ. ಮೈದುನನಿಗೆ ಹಬ್ಬ. "ನೋಡಿ ಅತ್ತಿಗೆ, ನಿಮ್ಮ ಫೋನು ನಮಗಿಂತ ಮೊದಲು ಮಲಗಿತು!"

ಒಂಬೈನೂರು ಕೊಟ್ಟು ಸಣ್ಣ ಯುಪಿಎಸ್ ತಂದೆ. ಅದು 9 ವೋಲ್ಟಿನದು, ಮೋಡೆಮಿಗೆ ಬೇಕಾದದ್ದು 12. ಆನ್ ಆಗೋದು, ಆಫ್ ಆಗೋದು. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಅಡಾಪ್ಟರ್ ಮೇಲೆ ಬರೆದದ್ದನ್ನು ಓದಿಕೊಂಡು ಹೋಗಿ 1,450ಕ್ಕೆ ಇನ್ನೊಂದು ತಂದೆ. ಅದು ನಾಲ್ಕು ಗಂಟೆ ಹತ್ತಿರ ಎಳೆಯುತ್ತದೆ. ಆದರೂ ಫೋನ್ ಸತ್ತೇ ಇತ್ತು! ಯಾಕೆಂದರೆ 1,800 ಕೊಟ್ಟು ತಂದ ಕಾರ್ಡ್‌ಲೆಸ್ ಫೋನಿನ ಬುಡಕ್ಕೂ ಬೇರೆ ಕರೆಂಟ್ ಬೇಕು. ಇದು ತಲೆಗೆ ಹೋಗೋಕೆ ಒಂದು ವಾರ ಹಿಡಿಯಿತು.

ಆಗ ಅಟ್ಟ ಹತ್ತಿದೆ. ಮಾವನ ಕಾಲದ ಕಪ್ಪು ಫೋನ್ ಸಿಕ್ಕಿತು, ಬೆಂಗಳೂರಿನ ದೂರವಾಣಿನಗರದ ಐಟಿಐ ಕಾರ್ಖಾನೆಯದು, ಕಲ್ಲಿನ ಹಾಗೆ ಭಾರ. ಸುಮ್ನೆ ನೋಡೋಣ ಅಂತ ಮೋಡೆಮಿಗೆ ಸಿಕ್ಕಿಸಿದೆ. ಮೈದುನ ಮೊಬೈಲಿನಿಂದ ಕರೆ ಮಾಡಿದ. ಬೆಲ್ ಸಣ್ಣಗೆ, ಉಸಿರಾಡುವ ಹಾಗೆ ಹೊಡೆಯಿತು. ಎತ್ತಿದರೆ ಮಾತು ಸ್ವಚ್ಛ. ಅತ್ತೆ ಅಡುಗೆ ಮನೆಯಿಂದ ಓಡಿ ಬಂದರು, ಆ ಸದ್ದು ಕೇಳಿ ಎಷ್ಟು ವರ್ಷ ಆಗಿತ್ತೋ. ಆದರೆ ಚಕ್ರ ತಿರುಗಿಸಿದರೆ ನಂಬರ್ ಹೋಗಲ್ಲ, ನಮ್ಮ ಮೋಡೆಮಿಗೆ ಆ ಹಳೇ ಭಾಷೆ ಬರಲ್ಲ. ಹಾಗಾಗಿ ಅದರ ಪಕ್ಕದಲ್ಲೇ ಇದ್ದ ಬಟನ್ ಫೋನ್ ಒರೆಸಿ ಹಾಕಿದೆ. ಅದಕ್ಕೆ ಬೇರೆ ಕರೆಂಟ್ ಬೇಡ, ಮೋಡೆಮ್ ಕೊಡುವುದೇ ಸಾಕು. ಖರ್ಚು ಸೊನ್ನೆ. ಕಾರ್ಡ್‌ಲೆಸ್ ಈಗ ಕೊಟ್ಟಿಗೆಗೆ ಹೋಗುವಾಗ ಮಾತ್ರ. ಬಾವಿ ದಾಟಿದರೆ ಅದೂ ಇಲ್ಲ.

ಅತ್ತೆಗೆ ಒಂದೇ ತೊಡಕಾಗಿದ್ದು. 2021ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮುಂದೆ ಸೊನ್ನೆ ಹಾಕಬೇಕು. ಅವರು ಸೊನ್ನೆ ಬಿಟ್ಟು ಒತ್ತುವುದು, ಯಾರೋ ಹೆಂಗಸು ಬೈಯುತ್ತಾಳೆ ಅಂತ ಇಡುವುದು. ಗೋಡೆಯ ಮೇಲೆ ಎಲ್ಲ ನಂಬರನ್ನೂ ಸೊನ್ನೆ ಸಮೇತ ದೊಡ್ಡದಾಗಿ ಬರೆದು ಅಂಟಿಸಿದೆ. ಈಗ ನಾದಿನಿಯ ಜೊತೆ ದಿನಾ ಮುಕ್ಕಾಲು ಗಂಟೆ. ಮಾವ ಇದ್ದಿದ್ದರೆ ಗಡಿಯಾರ ನೋಡುತ್ತಾ ಕೂತಿರುತ್ತಿದ್ದರು.

ಇಷ್ಟಾದರೂ ಲೆಕ್ಕ ಕೂಡುತ್ತಿರಲಿಲ್ಲ. ಮನೆಯಲ್ಲಿ ವೈಫೈ ಇಟ್ಟುಕೊಂಡು ಸಿಮ್ಮಿಗೂ ದಿನಕ್ಕೆ ಒಂದೂವರೆ ಜಿಬಿ ಕೊಂಡರೆ ಅದು ಎರಡು ಸಲ ದುಡ್ಡು ಕೊಟ್ಟ ಹಾಗೆ, ಅಲ್ವಾ? ದಾರಿ ತೆರೆದದ್ದು ಟ್ರಾಯ್, ಫೋನ್ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ. ಡೇಟಾ ಬೇಡದವರಿಗೆ ಬರೀ ಮಾತು ಮತ್ತು ಮೆಸೇಜಿನ ಪ್ಲಾನ್ ಕೊಡಲೇಬೇಕು ಅಂತ 2024ರ ಡಿಸೆಂಬರಿನಲ್ಲಿ ಹೇಳಿತು. ಜನವರಿಯಲ್ಲಿ ಪ್ಲಾನ್‌ಗಳು ಬಂದವು. ಏರ್‌ಟೆಲ್‌ನಲ್ಲಿ ವರ್ಷಕ್ಕೆ 1,849. ಯಜಮಾನರಿಗೊಂದು, ನನಗೊಂದು. ಮೈದುನ ಮಂಡಿ, ವ್ಯಾಪಾರ ಅಂತ ಬೈಕಲ್ಲಿ ತಿರುಗೋನು, ವಾಟ್ಸಾಪ್ ಇಲ್ಲದೆ ಆಗಲ್ಲ. ಅವನಿಗೆ ವರ್ಷಕ್ಕೆ 24 ಜಿಬಿ ಇರುವ 1,999ರದ್ದು. ಮನೆಗೆ ಬಂದ ಮೇಲೆ ವೈಫೈ ಇದೆಯಲ್ಲ. ಮೊದಲು ಗೊಣಗಿದ, ಈಗ ಅರ್ಧವೂ ಖರ್ಚಾಗಲ್ಲ. ಮಗಳದು ಹಾಸ್ಟೆಲ್, ಅದನ್ನು ಮುಟ್ಟಲಿಲ್ಲ. ವರ್ಷದ ರೀಚಾರ್ಜನ್ನು ಎಲ್ಲಿ, ಯಾವ ಹೊತ್ತಿಗೆ ಮಾಡಿದರೆ ಇನ್ನೂ ಅರವತ್ತು ಎಪ್ಪತ್ತು ಇಳಿಯುತ್ತದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಸಿಗ್ನಲ್ ಇಲ್ಲದ ತೊಂದರೆಗೂ ವೈಫೈ ಕಾಲಿಂಗ್, ಅಂದರೆ ವೈಫೈ ಮೂಲಕವೇ ಕರೆ ಹೋಗೋದು, ಮದ್ದಾಯಿತು. ಯಜಮಾನರ ಫೋನಿನ ಸೆಟ್ಟಿಂಗಲ್ಲಿ ಅದನ್ನು ಆನ್ ಮಾಡಿದ ದಿನದಿಂದ ಅವರು ದಣಪೆಗೆ ಹೋಗೋದು ದನ ಅಟ್ಟೋಕೆ ಮಾತ್ರ. ನನ್ನ ಹಳೇ ಫೋನಿನಲ್ಲಿ ಆ ಸೌಲಭ್ಯವೇ ಇಲ್ಲ, ನನಗೆ ಲ್ಯಾಂಡ್‌ಲೈನೇ ಗತಿ.

ಸಿಕ್ಕಿಬಿದ್ದದ್ದು ಪೇಟೆಯಲ್ಲಿ. ಯಜಮಾನರು ಗೊಬ್ಬರದ ಅಂಗಡಿಯಲ್ಲಿ ದುಡ್ಡು ಕೊಡಲು ಫೋನ್ ತೆಗೆದರೆ ಡೇಟಾ ಇಲ್ಲ. ಮುಂದಿನ ಸಲ *99# ಒತ್ತಿ ಬ್ಯಾಂಕಿನಿಂದ ದುಡ್ಡು ಕಳಿಸೋಣ ಅಂತ ಮನೆಯಲ್ಲಿ ಮೂರು ಸಲ ಅಭ್ಯಾಸ ಮಾಡಿಸಿ ಕಳಿಸಿದೆ, ಇಂಟರ್ನೆಟ್ ಇಲ್ಲದೆಯೂ ಅದು ನಡೆಯುತ್ತದೆ. ನಡೆಯಿತು ಕೂಡ. ಆದರೆ ಅವರು ಒಂದೊಂದೇ ನಂಬರ್ ಒತ್ತಿ ಮುಗಿಸುವಷ್ಟರಲ್ಲಿ ಹಿಂದೆ ಐದು ಜನ ಸಾಲು ನಿಂತಿದ್ದರಂತೆ. ಈಗ ಜೇಬಿನಲ್ಲಿ ಐನೂರರ ಎರಡು ನೋಟು ಇಟ್ಟುಕೊಂಡು ಹೋಗುತ್ತಾರೆ.

ಈಗ ಒಟ್ಟು ನೋಡಿ. ಫೈಬರ್ ವರ್ಷಕ್ಕೆ 5,650. ನಮ್ಮಿಬ್ಬರದು 3,698, ಮೈದುನನದು 1,999, ಮಗಳದು 3,887. ಎಲ್ಲ ಸೇರಿ 15,200ರ ಆಸುಪಾಸು. ಮೊದಲಿಗಿಂತ 4,400 ಕಡಿಮೆ. ಕೇಬಲ್, ಕಾರ್ಡ್‌ಲೆಸ್, ಕೆಲಸಕ್ಕೆ ಬಾರದ ಯುಪಿಎಸ್, ಬಂದ ಯುಪಿಎಸ್, ಎಲ್ಲ ಆರು ಸಾವಿರದ ಮೇಲೆ ನೂರೈವತ್ತು. ಅಂದರೆ ಮೊದಲ ವರ್ಷ ಸಾವಿರದ ಏಳುನೂರೈವತ್ತರಷ್ಟು ಕೈಯಿಂದಲೇ ಹೋಯಿತು. ಎರಡನೇ ವರ್ಷದ ಐದನೇ ತಿಂಗಳಿಗೆ ಸರಿಹೋಯಿತು. ಡಿಶ್ ಟಿವಿಯ ತಿಂಗಳ ದುಡ್ಡೂ ನಿಂತಿದೆ, ಅದನ್ನು ಇದಕ್ಕೆ ಸೇರಿಸಿ ದೊಡ್ಡದಾಗಿ ತೋರಿಸಬಹುದಿತ್ತು. ಅದು ಮೋಸ. ಟಿವಿ ಬೇರೆ ಪುಟ.

ಹಾಗಂತ ಎಲ್ಲರೂ ಓಡಬೇಡಿ. ಬೆಂಗಳೂರಿನ ನನ್ನ ತಂಗಿ ನನ್ನ ಮಾತು ಕೇಳಿ ಫೈಬರ್ ಹಾಕಿಸಿದಳು. ಗಂಡ ಹೆಂಡತಿ ಇಬ್ಬರೇ, ಇಬ್ಬರೂ ಬೆಳಗ್ಗೆ ಹೋದರೆ ರಾತ್ರಿ ಬರೋರು, ಹೊರಗೆ ಡೇಟಾ ಬೇಕೇ ಬೇಕು. ಸಿಮ್ ಖರ್ಚು ಒಂದು ರೂಪಾಯಿ ಇಳಿಯಲಿಲ್ಲ, ಫೈಬರ್ ಬಿಲ್ ಹೆಚ್ಚಾಯಿತು. ಒಂದು ಸಿಮ್ ಡೇಟಾದಿಂದ ಬರೀ ಮಾತಿಗೆ ಇಳಿದರೆ ಉಳಿಯೋದು ಎರಡು ಸಾವಿರ ಚಿಲ್ಲರೆ. ಹಾಗೆ ಇಳಿಯೋರು ಮನೆಯಲ್ಲಿ ಮೂರು ಜನವಾದರೂ ಇರಬೇಕು. ಅವಳು ನನ್ನ ಜೊತೆ ಹದಿನೈದು ದಿನ ಮಾತು ಬಿಟ್ಟಿದ್ದಳು.

ಪಕ್ಕದ ಮನೆಯ ಅಕ್ಕ ಮೊನ್ನೆ ಬಂದು ಲೆಕ್ಕದ ಪುಸ್ತಕ ಕೇಳಿದರು. ಅವರ ಮನೆಯಲ್ಲಿ ಏಳು ಸಿಮ್. ನಮ್ಮ ಪೈಪಿನ ಸಾಲು ಅವರ ಬೇಲಿ ಪಕ್ಕದಲ್ಲೇ ಹೋಗುತ್ತದೆ, ಕೇಬಲ್ ಖರ್ಚೂ ಕಡಿಮೆ ಆಗುತ್ತದೆ. ಮೈದುನನೇ ಅಳತೆ ಟೇಪ್ ಹಿಡಿದು ಹೋಗಿದ್ದಾನೆ.

ಮಗಳ ಹಾಸ್ಟೆಲಿಗೆ ಜೂನಿನಿಂದ ವೈಫೈ ಬರುತ್ತದಂತೆ. ಬಂದರೆ ಆ 3,887ರ ಕಡೆಗೂ ನೋಡಬೇಕು. ಅವಳಿಗೆ ಇನ್ನೂ ಹೇಳಿಲ್ಲ.