ಗೆಳೆಯರ ಜೊತೆ ಎವರೆಸ್ಟ್ ಬೇಸ್ ಕ್ಯಾಂಪ್‌ಗೆ ಹೊರಟಿದ್ದೀರಾ?

ನೇಪಾಳಕ್ಕೆ ಹೊರಟವರು ರಜೆ ಉಳಿಸೋಕೆ ಅಂತ, ದಾರಿಯಲ್ಲಿ ಸಿಗುವ ನಾಮ್ಚೆ ಬಜಾರ್ ಊರಿನ ವಿಶ್ರಾಂತಿ ದಿನ ಬಿಡಬೇಡಿ. ನಾಮ್ಚೆ 3,440 ಮೀಟರ್, ಬೇಸ್ ಕ್ಯಾಂಪ್ 5,364. ಆ ದಿನ ಇರೋದು ಮೈ ಎತ್ತರದ ತೆಳು ಗಾಳಿಗೆ ಒಗ್ಗಲಿ ಅಂತ, ಸುಮ್ನೆ ಮಲಗೋಕಲ್ಲ. ಹಗಲು ಸ್ವಲ್ಪ ಮೇಲೆ ಹತ್ತಿ, ರಾತ್ರಿ ಕೆಳಗೆ ಬಂದು ಮಲಗಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರದಿರಲಿ.

ಗುಂಪಿನಲ್ಲಿ ತಲೆನೋವು ಬಂದರೂ ಹೇಳೋಕೆ ಸಂಕೋಚ, ಅಲ್ವಾ? ಯಾರೂ ಮುಚ್ಚಿಡಬಾರದು ಅಂತ ಹೊರಡುವ ಮೊದಲೇ ಮಾತಾಡಿಕೊಳ್ಳಿ. ತಲೆನೋವಿನ ಜೊತೆ ವಾಕರಿಕೆ ಇದ್ದರೆ ಅದು ಎತ್ತರಕ್ಕೆ ಮೈ ಒಗ್ಗದೆ ಬರುವ ಕಾಯಿಲೆ ಇರಬಹುದು, ಮೇಲೆ ಹತ್ತದೆ ಅಲ್ಲೇ ಉಳಿಯಿರಿ. ನಡೆಯುವಾಗ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ಬೆಳಗಾಗಲಿ ಅಂತ ಕಾಯದೆ ಕೆಳಗಿಳಿಸಿ. ಒಬ್ಬರನ್ನೇ ಮಾತ್ರ ಕಳಿಸಬೇಡಿ.

ಈ ಕಾಯಿಲೆ ತಡೆಯೋಕೆ ಕೊಡುವ ಡೈಮಾಕ್ಸ್ ಮಾತ್ರೆ ಡಾಕ್ಟರನ್ನು ಕೇಳಿಯೇ ತಗೊಳ್ಳಿ. ಇನ್ಶೂರೆನ್ಸ್‌ನಲ್ಲಿ ಆ ಎತ್ತರದಿಂದ ಹೆಲಿಕಾಪ್ಟರ್‌ನಲ್ಲಿ ಕರೆತರುವ ಖರ್ಚು ಸೇರಿದೆಯಾ ಅಂತ ಓದಿ ನೋಡಿ.